ಹನುಮಕ್ಕನ ದನಿ ಬಸ್ಸಿನಲ್ಲಿ ಮಾಯವಾದದ್ದು

ಹಾಡುಗಳ ಮಿಕ್ಸಿಂಗ್ ಮಾಡಿಯೇ ನನ್ನ ಹೊಟ್ಟೆ ತುಂಬಿತು, ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು, ಬಲಗಿವಿ ಅರ್ಧ ಮಂದವಾಯಿತು. ಇಷ್ಟಾದರೂ ನಾನು ಮಾಡುತ್ತಿದ್ದ ಕೆಲಸ ಏನು ಅಂತ ನ್ಯಾಮತಿಯ ನಮ್ಮ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಹೋಳಿಗೆ ಬಡಿಸುತ್ತಾ ಕೇಳುವರು: "ಹಾಡೋರು ಹಾಡಿದ್ರು, ಬಾರಿಸೋರು ಬಾರಿಸಿದ್ರು. ಮಧ್ಯದಾಗೆ ನೀವೇನು ಮಾಡಿದ್ರಿ ಅಳಿಯಂದ್ರೇ?"

"ಎಲ್ಲಾರೂ ಸರಿಯಾಗಿ ಕೇಳ್ಸೋ ಹಂಗೆ ಮಾಡಿದೆ ಅತ್ತೆ."

"ಅವ್ರೇ ಇನ್ನೊಂಚೂರು ಜೋರಾಗಿ ಹಾಡಿದ್ರೆ ಆಗ್ತಿತ್ತಲ್ಲ," ಅನ್ನುವರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ.

ಈಗ ಚನ್ನಗಿರಿಯ ಸ್ಟುಡಿಯೋವನ್ನು ಬೇರೆಯವರ ಕೈಗೆ ಕೊಟ್ಟು ಮನೆಯಲ್ಲಿದ್ದೇನೆ. ಆದರೂ ಈ ಕಸುಬಿಗೆ ಹೊಸದಾಗಿ ಬಂದವರು ಫೋನ್ ಮಾಡುತ್ತಲೇ ಇರುತ್ತಾರೆ. ಯಾವ ಮೀಟರ್ ನೋಡಬೇಕು, ಯಾವ ಗೆರೆ ಎಷ್ಟಕ್ಕೆ ನಿಲ್ಲಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಅನ್ನುವುದೇ ಅವರ ಪ್ರಶ್ನೆ. ನಾನು ಅಂಕಿ ಹೇಳುವುದಿಲ್ಲ. ಸೊಕ್ಕೆ ಊರಿನ ಹನುಮಕ್ಕನ ದನಿಯನ್ನು ನಾನು ಕಳೆದುಹಾಕಿದ ಕಥೆ ಹೇಳುತ್ತೇನೆ. ಅರವತ್ತು ದಾಟಿದ ಹೆಂಗಸು, ಬದುಕಿನಲ್ಲಿ ಮೊದಲ ಸಲ ತನ್ನ ದನಿ ಸ್ಪೀಕರಿನಲ್ಲಿ ನಾಲ್ಕು ಜನಕ್ಕೆ ಕೇಳಲಿ ಅಂತ ನನ್ನ ಹತ್ತಿರ ಬಂದವರು. ಅವರ ದನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸುವ ಹಾಗೆ ಮಾಡಿಕೊಟ್ಟ ಪುಣ್ಯಾತ್ಮ ನಾನು. ಆದರೆ ಅಂಥ ತಪ್ಪು ಮಾಡುವಷ್ಟು ಜಾಣ ನಾನು ಒಂದೇ ದಿನಕ್ಕೆ ಆದವನಲ್ಲ. ಅದನ್ನು ಮೊದಲು ಹೇಳಬೇಕು.

ಕೆಲಸ ಕಲಿತದ್ದು ಹೊನ್ನಾಳಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿದ್ದ ಸ್ಟುಡಿಯೋದಲ್ಲಿ. ಕ್ಯಾಸೆಟ್ಟಿನ ಕಾಲ. ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಅಂಟಿಸಿದ್ದರು. ಮಾಲೀಕರನ್ನು ಎಲ್ಲರೂ ಯಜಮಾನ್ರು ಅನ್ನುತ್ತಿದ್ದೆವು. ರೆಕಾರ್ಡಿಂಗ್ ಯಂತ್ರದ ಮೇಲೆ ಎರಡು ಮುಳ್ಳುಗಳು ಕುಣಿಯುತ್ತಿದ್ದವು, ದನಿ ಎಷ್ಟು ಜೋರಿದೆ ಅಂತ ತೋರಿಸುವ ಮುಳ್ಳು. ನಾನು ಹೊಸದರಲ್ಲಿ ಅವುಗಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ಕೂರುತ್ತಿದ್ದೆ. ಯಜಮಾನ್ರು ಹೆಗಲ ಮೇಲಿನ ಟವೆಲ್ ತೆಗೆದು ಆ ಮುಳ್ಳುಗಳ ಮೇಲೆ ಹೊದಿಸಿಬಿಡುವರು. "ಹಾಡು ಕೇಳೋ ಅಂದ್ರೆ ಮುಳ್ಳು ನೋಡ್ತಾನೆ! ಕಿವಿ ಯಾಕೆ ಕೊಟ್ಟಾನೆ ದೇವ್ರು, ಪೆನ್ಸಿಲ್ ಸಿಗ್ಸಿಕೊಳ್ಳಾಕಾ?" ಅನ್ನುವರು. ನನ್ನ ಕಿವಿಯಲ್ಲಿ ಆಗ ನಿಜವಾಗಿಯೂ ಪೆನ್ಸಿಲ್ ಇರುತ್ತಿತ್ತು.

ಅವರ ಕಿವಿ ಅಂದರೆ ಕಿವಿ. ತಬಲಾ ಎರಡು ಏಟು ಬಿದ್ದರೆ ಸಾಕು, "ಇವ್ನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಇಡ್ಲಿ ತರಿಸ್ರಿ" ಅನ್ನುವರು. ಕೇಳಿದರೆ ಹೌದು, ತಿಂದಿರುತ್ತಿರಲಿಲ್ಲ.

ಇಂಥವರ ಸ್ಟುಡಿಯೋಕ್ಕೆ ಒಂದು ದಿನ ಕಂಪ್ಯೂಟರ್ ಬಂತು. ಅದರ ಪರದೆಯಲ್ಲಿ ದನಿಯ ಚಿತ್ರ ಬರೆಯುವ ಒಂದು ಕಿಟಕಿ ಇತ್ತು. ಎಡಗಡೆ ದಪ್ಪ ದನಿಗಳು, ಬಲಗಡೆ ಸಣ್ಣ ದನಿಗಳು, ಯಾವುದು ಹೆಚ್ಚೋ ಅಲ್ಲಿ ಗುಡ್ಡ ಏಳುತ್ತದೆ. ಅದಕ್ಕೆ ಸ್ಪೆಕ್ಟ್ರಮ್ ಅನ್ನುತ್ತಾರೆ. ಮೊದಲ ದಿನವೇ ನಾನು ಒಂದು ವಿಚಿತ್ರ ಕಂಡೆ. ಹಾಡು ನಿಂತು ಗುಡ್ಡಗಳೆಲ್ಲ ಮಲಗಿದರೂ ಎಡಗಡೆ ಒಂದು ಗೆರೆ ಮಾತ್ರ ಅಲ್ಲಾಡದೆ ನಿಂತೇ ಇತ್ತು. ಮೈಕ್ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಹೋಗಲಿಲ್ಲ. ಕೊನೆಗೆ ಮೆಟ್ಟಿಲಿಳಿದು ಹೋಗಿ, ಪಕ್ಕದ ಕೂಲ್‌ಡ್ರಿಂಕ್ಸ್ ಅಂಗಡಿಯವರಿಗೆ ಎರಡು ನಿಮಿಷ ಫ್ರಿಜ್ ಆಫ್ ಮಾಡಿ ಅಂತ ಕೈಮುಗಿದೆ. ಮೇಲೆ ಬಂದು ನೋಡಿದರೆ ಗೆರೆ ಇಲ್ಲ. ಅವರ ಫ್ರಿಜ್ ಮತ್ತು ನಮ್ಮ ಯಂತ್ರ ಒಂದೇ ಕರೆಂಟ್ ಲೈನಿನಲ್ಲಿದ್ದವು. ಅದರ ಗುಂಯ್ ಅನ್ನುವ ದನಿ ವೈರ್ ಹಿಡಿದು ಬಂದು ಪ್ರತಿ ಹಾಡಿನೊಳಗೂ ಕೂತಿತ್ತು.

ಯಜಮಾನ್ರಿಗೆ ತೋರಿಸಿದೆ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಹಂಗಾದ್ರೆ ನಾವು ಇಲ್ಲೀವರೆಗೆ ಮಾಡಿದ ಕ್ಯಾಸೆಟ್‌ನಾಗೆಲ್ಲಾ ಈ ಫ್ರಿಜ್ ಐತೇನೋ?"

"ಐತೆ ಯಜಮಾನ್ರೇ."

"ಅದಕ್ಕೇ ಮತ್ತೆ," ಅಂದರು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ. "ನಮ್ಮ ಹಾಡುಗಾರ್ರು ಒಬ್ರೂ ಶ್ರುತಿ ತಪ್ಪಲಿಲ್ಲ."

ಅವರು ನಕ್ಕು ಮರೆತರು. ನಾನು ಮರೆಯಲಿಲ್ಲ. ಯಜಮಾನ್ರ ಕಿವಿಗೆ ಸಿಗದ್ದು ಚಿತ್ರಕ್ಕೆ ಸಿಕ್ಕಿತು ಅನ್ನುವುದು ನನ್ನ ತಲೆಗೆ ಹತ್ತಿಬಿಟ್ಟಿತು. ಮುಂದೆ ಚನ್ನಗಿರಿಗೆ ಬಂದು ಸ್ವಂತ ಸ್ಟುಡಿಯೋ ಹಾಕಿದಾಗ ಪರದೆಯ ತುಂಬ ಕಿಟಕಿಗಳೇ. ದನಿಯ ಎತ್ತರಕ್ಕೊಂದು, ಅಗಲಕ್ಕೊಂದು, ಜೋರಿಗೊಂದು. ಹಾಡಿಸಲು ಬಂದವರು ಅದನ್ನು ನೋಡಿ, "ಆಸ್ಪತ್ರೆಗೆ ಬಂದಂಗೆ ಐತಲ್ಲಪ್ಪ" ಅನ್ನುತ್ತಿದ್ದರು. ನನಗೂ ಡಾಕ್ಟರ್ ಗತ್ತು ಬಂದಿತ್ತು.

ಆ ಗತ್ತಿನಲ್ಲಿ ಮಾಡಿದ ಮೊದಲ ಆಪರೇಷನ್ ಸವಳಂಗದ ಭಜನಾ ಮಂಡಳಿಯವರದು. ಹೆಸರಾದ ಒಂದು ಹಾಡಿನ ಚಿತ್ರವನ್ನು ಪಕ್ಕಕ್ಕೆ ಇಟ್ಟುಕೊಂಡು ಇವರ ಹಾಡಿನ ಚಿತ್ರವೂ ಹಾಗೆಯೇ ಕಾಣುವವರೆಗೆ ಕೆತ್ತಿದೆ. ಬಲಗಡೆ ಚೂಪಾಗಿ ಎದ್ದಿದ್ದನ್ನೆಲ್ಲ ತಟ್ಟಿ ಕೂರಿಸಿದೆ. ಎರಡು ಚಿತ್ರಗಳೂ ಅಚ್ಚುಕಟ್ಟಾಗಿ ಹೊಂದಿದವು. ಮಂಡಳಿಯ ಹಿರಿಯರು ಕೇಳಿ, ತಮ್ಮ ಚೀಲದಿಂದ ತಾಳ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇದು ಕಂಚಿಂದು ಸಾರ್, ನಮ್ಮಜ್ಜನ ಕಾಲದ್ದು. ನಿಮ್ಮ ಕಂಪ್ಯೂಟರ್‌ನಾಗೆ ಬರ್ತಾ ಇರೋದು ಪ್ಲಾಸ್ಟಿಕ್‌ದು. ಇದನ್ನ ಇಟ್ಕೊಂಡು ಅದನ್ನ ಕೊಡ್ತೀರೇನು?" ಅಂದರು. ನಾನು ತಟ್ಟಿ ಕೂರಿಸಿದ್ದ ಚೂಪು ಅವರ ತಾಳವೇ ಆಗಿತ್ತು.

ಈ ಮಂಗಳಾರತಿ ಆದ ಮೇಲೆ ನಾನು ತಿದ್ದಿಕೊಂಡೆ ಅಂದುಕೊಂಡಿರಾ? ಇಲ್ಲ. ಸೀದಾ ಇನ್ನೊಂದು ತುದಿಗೆ ಹೋದೆ. ಯಜಮಾನ್ರ ಟವೆಲ್ ನೆನಪಾಯಿತು. ಇನ್ನು ಮೇಲೆ ಕಿವಿಯೇ ಗುರು ಅಂತ ತೀರ್ಮಾನಿಸಿ, ಒಂದೊಂದೇ ಕಿಟಕಿ ಮುಚ್ಚಿದೆ. ದನಿ ಎಷ್ಟು ಜೋರು ಅಂತ ತೋರಿಸುವುದೊಂದನ್ನು ಮಾತ್ರ ಉಳಿಸಿದೆ, ಯಾಕೆಂದರೆ ಗಿರಾಕಿಗಳು ಕೇಳುತ್ತಿದ್ದುದು ಅದೊಂದನ್ನೇ. ಯಜಮಾನ್ರು ಟವೆಲ್ ಹೊದಿಸುತ್ತಿದ್ದುದು ನಾನು ಕೇಳುವುದನ್ನು ಕಲಿಯಲಿ ಅಂತ. ಕಲಿತ ಮೇಲೆ ಅವರೇ ತೆಗೆಯುತ್ತಿದ್ದರು. ಆ ಎರಡನೆಯ ಅರ್ಧವನ್ನು ನಾನು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ.

ಹನುಮಕ್ಕ ಬಂದದ್ದು ಇಂಥ ಸಮಯದಲ್ಲಿ.

ಜಗಳೂರು ಸೀಮೆಯಲ್ಲಿ ಅವರು ಸೋಬಾನೆ ಹಾಡುವವರು. ಒಬ್ಬರು ಮುಂದೆ ಹಾಡುವುದು, ಉಳಿದ ಹೆಂಗಸರು ಹಿಂದೆ ಸೊಲ್ಲು ಕೊಡುವುದು. ಮುಂದಿನ ದನಿ ಹನುಮಕ್ಕನದು. ಹೆಣ್ಣು ಒಪ್ಪಿಸುವ ಹಾಡಿಗಂತೂ ಸುತ್ತಲಿನ ಊರಿನವರು ಅವರನ್ನೇ ಕರೆಯುತ್ತಿದ್ದರು. ಆದರೆ ಬಿಳಿಚೋಡಿನ ಒಂದು ಮದುವೆಯಲ್ಲಿ ಡಿಜೆಯವರು ಸ್ಪೀಕರ್ ಬಾಕ್ಸ್ ನಿಲ್ಲಿಸಲಿಲ್ಲ. ಹನುಮಕ್ಕ ಇಡೀ ಹಾಡನ್ನು ಹಾಡಿದರು, ಯಾರನ್ನು ಒಪ್ಪಿಸುತ್ತಿದ್ದರೋ ಆ ಮದುಮಗಳಿಗೇ ಕೇಳಲಿಲ್ಲ. ನೆಂಟರಲ್ಲಿ ಯಾರೋ, "ಈಗ ಇದನ್ನೆಲ್ಲ ಯಾರು ಕೇಳ್ತಾರೆ ಬಿಡವ್ವ" ಅಂದರಂತೆ.

"ಕೇಳಲ್ಲ ಅಂತಲ್ಲಣ್ಣ, ಕೇಳ್ಸಲ್ಲ," ಅಂತ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಹೇಳಿದರು. "ಬಾಕ್ಸ್‌ನಾಗೆ ಬಂದಿದ್ದೇ ಕೇಳೋದು ಈಗ. ನನ್ನನ್ನೂ ಬಾಕ್ಸ್‌ನಾಗೆ ಹಾಕ್ರಿ."

ಸೊಲ್ಲು ಕೊಡಲು ಐದು ಜನ ಹೆಂಗಸರನ್ನು ಕರೆತಂದಿದ್ದರು. ದಾರಿಗೆ ಅಂತ ಕಟ್ಟಿಕೊಂಡಿದ್ದ ಶೇಂಗಾ ಉಂಡೆಯಲ್ಲಿ ನನಗೂ ಪಾಲು ಬಂತು. ಹಾಡಲು ಶುರು ಮಾಡಿದರು ನೋಡಿ, ನಾನು ಉಂಡೆ ಅಗಿಯುವುದನ್ನು ನಿಲ್ಲಿಸಿದೆ. ದನಿಯಲ್ಲಿ ಒಂದು ಸಣ್ಣ ಬಿರುಕು ಇತ್ತು. ಮೇಲಕ್ಕೆ ಹೋದಾಗ ಆ ಬಿರುಕಿನಿಂದಲೇ ಹಾಡು ಎದೆಗೆ ಇಳಿಯುತ್ತಿತ್ತು. ನನಗೆ ನನ್ನ ದೊಡ್ಡ ಮಗಳನ್ನು ಒಪ್ಪಿಸಿದ ದಿನ ನೆನಪಾಗಿ ಕಣ್ಣು ತುಂಬಿತು. ಇಂಥ ದನಿಯನ್ನು ಬರೀ ಮಧ್ಯದಲ್ಲಿ ಇಟ್ಟರೆ ಸಾಲದು, ಕೇಳುವವರ ಸುತ್ತಲೂ ತುಂಬಿಸಬೇಕು ಅನ್ನಿಸಿತು.

ಹೊಸಬರೇ, ಇಲ್ಲಿ ಗಮನವಿಡಿ. ಒಬ್ಬರ ದನಿಯನ್ನು ಅಗಲ ಮಾಡುವ ಒಂದು ಅಡ್ಡದಾರಿ ಇದೆ. ಎಡಗಿವಿಗೂ ಬಲಗಿವಿಗೂ ಅದೇ ದನಿ ಕಳಿಸಿ, ಒಂದು ಕಡೆಯ ಅಲೆಯನ್ನು ಮಾತ್ರ ತಲೆಕೆಳಗು ಮಾಡುವುದು. ಹೆಡ್‌ಫೋನಿನಲ್ಲಿ ದನಿ ತಲೆಯ ಸುತ್ತ ಹಬ್ಬಿದ ಹಾಗೆ ಕೇಳುತ್ತದೆ. ನಾನು ಹನುಮಕ್ಕನ ದನಿಗೆ ಮಾತ್ರ ಅದನ್ನು ಮಾಡಿದೆ, ಸೊಲ್ಲನ್ನೂ ನಾನೇ ಸೇರಿಸಿದ್ದ ಡೋಲು, ಗೆಜ್ಜೆಯನ್ನೂ ನೇರವಾಗಿಯೇ ಬಿಟ್ಟೆ. ಕೇಳಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪೆನ್‌ಡ್ರೈವಿಗೆ ಹಾಕಿ ಕಳಿಸಿಕೊಟ್ಟೆ.

ಎಂಟು ದಿನಕ್ಕೆ ಹನುಮಕ್ಕ ಒಬ್ಬರೇ ಮತ್ತೆ ಬಂದರು. ಸೊಕ್ಕೆಯಿಂದ ಚನ್ನಗಿರಿಗೆ ಬಸ್ಸು ಬದಲಿಸಿ ಬದಲಿಸಿ ಬರಬೇಕು. ಬಾಗಿಲಲ್ಲೇ ನಿಂತು ಕೇಳಿದರು.

"ಅಣ್ಣಾ, ನನ್ನ ದನಿ ಎಲ್ಲಿಟ್ಟೀರಿ?"

ಆದದ್ದು ಇಷ್ಟು. ಅವರ ಊರಿನಿಂದ ಜಗಳೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್ ತಿಪ್ಪೇಸ್ವಾಮಿ, ಸಂಬಂಧದಲ್ಲಿ ಹನುಮಕ್ಕನಿಗೆ ಅಳಿಯ. ಸಂತೆ ದಿನ ಬಸ್ಸು ತುಂಬ ಹೆಂಗಸರು. ಹನುಮಕ್ಕ ಮುಂದಿನ ಸೀಟಿನಲ್ಲಿ ಕೂತು, ಎಲ್ಲರಿಗೂ ಹೇಳಿ, ಹಾಡು ಹಾಕಿಸಿದರು. ಡೋಲು ಬಂತು, ಗೆಜ್ಜೆ ಬಂತು. ಹನುಮಕ್ಕನ ಸಾಲು ಬರಬೇಕಾದ ಕಡೆ ಬಾವಿಯೊಳಗಿಂದ ಯಾರೋ ಉಸಿರುಬಿಟ್ಟ ಹಾಗೆ ಒಂದು ಸದ್ದು, ಅಷ್ಟೇ. ಆಮೇಲೆ ಐದು ಜನರ ಸೊಲ್ಲು ಮಾತ್ರ ಗಟ್ಟಿಯಾಗಿ ಬಂತು. ಯಾರೂ ಏನೂ ಹಾಡದೆಯೇ ಐವರೂ "ಸೋಬಾನೆ" ಅನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಕ್ಕಿತಂತೆ. "ಹನುಮಕ್ಕಾ, ನೀನು ಹಿಂದಿನ ಬಸ್ಸಿಗೆ ಬರ್ತೀಯೇನೇ?" ಅಂತ ಯಾರೋ ಕೇಳಿದರಂತೆ.

ನಾನು ನಂಬಲಿಲ್ಲ. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಹಾಕಿ ತೋರಿಸಿದೆ. ದನಿ ಕೋಣೆ ತುಂಬ ಇತ್ತು. "ನೋಡ್ರಿ ಅಮ್ಮ, ಇಲ್ಲೇ ಐತಲ್ಲ. ಆ ಬಸ್ಸಿನ ಬಾಕ್ಸ್ ಕೆಟ್ಟಿರಬೇಕು. ಧೂಳು ತುಂಬಿರ್ತೈತೆ."

"ಬೇರೆಯೋರ ಹಾಡೆಲ್ಲ ಅದೇ ಬಾಕ್ಸ್‌ನಾಗೆ ಬರ್ತಾವಲ್ರೀ. ಧೂಳು ನನ್ನೊಬ್ಬಳನ್ನೇ ಹುಡುಕ್ಕೊಂಡು ಕೂತೈತೇನು?"

ನಾನು ಹಾಡನ್ನು ನಿಲ್ಲಿಸಿದೆ. ಆಗ ಅವರು ದನಿ ತಗ್ಗಿಸಿ ಹೇಳಿದರು: "ನನ್ನ ಗಂಟಲಿಗೇ ಶಕ್ತಿ ಇಲ್ಲ, ಮಿಷಿನ್ ಹಿಡಿಯಾಕೆ ಆಗಿಲ್ಲ ಅಂದ್ಕೊಂಡೆ. ಸಂತೆ ದಿನದಿಂದ ಬಿಸಿನೀರಿಗೆ ಬೆಲ್ಲ ಮೆಣಸು ಹಾಕ್ಕೊಂಡು ಕುಡೀತಾ ಇದೀನಿ. ಇನ್ನೊಂದು ಸಲ ಹಾಡ್ಲೇನು?"

ಬಸ್ಸಿನಲ್ಲಿ ಎಷ್ಟು ಸ್ಪೀಕರ್ ಇವೆ ಅಂತ ತಿಪ್ಪೇಸ್ವಾಮಿಗೆ ಫೋನ್ ಮಾಡಿ ಕೇಳಿದೆ. "ಎರಡಿದ್ವು ಸಾರ್, ಒಂದು ಹರೀತು. ಎರಡೂ ಕಡೇದು ವೈರ್ ಹೊಸೆದು ಒಂದೇ ಬಾಕ್ಸ್‌ಗೆ ಕೊಟ್ಟೀನಿ. ಎಲ್ಲಾ ಬಸ್ಸಿನಾಗೂ ಹಂಗೇ," ಅಂದ. ಆಗ ಹೊಳೆಯಿತು. ಎಡದ ದನಿ, ಬಲದ ತಲೆಕೆಳಗಾದ ದನಿ, ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬಿದರೆ ಒಂದನ್ನೊಂದು ತಿಂದುಹಾಕುತ್ತವೆ. ನೇರವಾಗಿದ್ದ ಡೋಲು, ಗೆಜ್ಜೆ, ಸೊಲ್ಲು ಉಳಿಯುತ್ತವೆ. ಸ್ಟುಡಿಯೋದಲ್ಲೂ ಎರಡನ್ನೂ ಒಂದು ಮಾಡುವ ಗುಂಡಿ ಇದೆ. ಒತ್ತಿದೆ. ಹನುಮಕ್ಕನ ಕಣ್ಣೆದುರಿಗೇ ಹನುಮಕ್ಕ ಮಾಯ.

"ಹೋತು ನೋಡು!" ಅಂತ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಬೈಯುತ್ತಾರೆ ಅಂದುಕೊಂಡರೆ ಮುಖವೆಲ್ಲ ನಗು. "ಅಂದ್ರೆ ನನ್ನ ಗಂಟಲದ್ದಲ್ಲ ತಪ್ಪು!"

"ಅಲ್ಲಮ್ಮ. ನನ್ನದು."

ಅಷ್ಟು ವರ್ಷದ ಕೆಲಸದಲ್ಲಿ ಆವತ್ತು ಆದಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಆ ತಪ್ಪನ್ನು ಹಿಡಿಯಲಿಕ್ಕೆಂದೇ ಒಂದು ಮೀಟರ್ ಇದೆ. ಎಡಬಲದ ದನಿಗಳು ಒಂದಕ್ಕೊಂದು ಹೊಂದಿಕೊಂಡಿವೆಯೋ, ಜಗಳವಾಡುತ್ತಿವೆಯೋ ಅಂತ ತೋರಿಸುವ ಮುಳ್ಳು. ನಾನು ಮುಚ್ಚಿದ ಕಿಟಕಿಗಳಲ್ಲಿ ಅದೂ ಒಂದು. ತೆರೆದು ನೋಡಿದರೆ, ಹನುಮಕ್ಕನ ದನಿ ಬಂದ ಕಡೆಯೆಲ್ಲ ಮುಳ್ಳು ಎಡತುದಿಗೆ ಬಿದ್ದು ಒದ್ದಾಡುತ್ತಿತ್ತು. ಯಾರೂ ನೋಡದಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇತ್ತು.

ಅವರಿಗೆ ಇದನ್ನೆಲ್ಲ ಹೇಗೆ ವಿವರಿಸುವುದು ಅಂತ ತಡವರಿಸುತ್ತಿದ್ದೆ. ಹನುಮಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ ಅಂದರು: "ಮುಳ್ಳು ಈ ಕಡೆ ಬಂದ್ರೆ ನಾನು ಇರ್ತೀನಿ. ಆ ಕಡೆ ಹೋದ್ರೆ ಇರಲ್ಲ. ಅಷ್ಟೇ ತಾನೆ?" ಅಷ್ಟೇ. ಇಷ್ಟು ಸರಳವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆವತ್ತು ನನ್ನ ಮೇಲೆ ಮೇಲ್ವಿಚಾರಕರಾಗಿ ಕೂತವರು ಅವರೇ. ತಲೆಕೆಳಗಾದ ಅಲೆಯನ್ನು ನೆಟ್ಟಗೆ ಮಾಡಿ ದನಿಯನ್ನು ಮಧ್ಯಕ್ಕೆ ತಂದೆ. ಆದರೂ ಬೇರೆ ಏನೋ ಸರಿಪಡಿಸಲು ಹೋಗಿ ಮುಳ್ಳು ಒಂಚೂರು ಅಲ್ಲಾಡಿದರೆ ಸಾಕು, "ರೀ, ಮುಳ್ಳು!" ಅಂತ ಕೂಗುವರು. ಹೊನ್ನಾಳಿಯ ಯಜಮಾನ್ರು ಟವೆಲ್ ಹಿಡಿದು ಕೂತಷ್ಟೇ ಭಯವಾಗುತ್ತಿತ್ತು. ನಡುವೆ ನನ್ನ ಹೆಂಡತಿ ಮನೆಯಿಂದ ಊಟ ಕಳಿಸಿದಳು. ಹನುಮಕ್ಕ ಮುದ್ದೆ ಮುರಿಯುತ್ತಲೂ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟಿದ್ದರು.

ತಿಪ್ಪೇಸ್ವಾಮಿಗೆ ಇನ್ನೊಂದು ಕೆಲಸ ಹೇಳಿದೆ. ಬಸ್ಸು ಓಡುವಾಗಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಳಿಸು ಅಂದೆ. ಕಂಡಕ್ಟರ್ ಹಿಡಿದು ಕಳಿಸಿದ. ಅದರಲ್ಲಿ ಎಂಜಿನ್ನಿನ ಗುಡುಗಿತ್ತು, ಕಿಟಕಿಗಳ ಗಲಗಲವಿತ್ತು, ಚಿಲ್ಲರೆಗೆ ಜಗಳವಾಡುವ ಒಬ್ಬ ಮುದುಕನೂ ಇದ್ದ. ಆ ಬಸ್ಸಿನ ಚಿತ್ರವನ್ನು ಸ್ಪೆಕ್ಟ್ರಮ್ಮಿನಲ್ಲಿ ಬರೆಸಿ, ಪಕ್ಕದಲ್ಲಿ ಹನುಮಕ್ಕನ ಚಿತ್ರ ಇಟ್ಟೆ. ಎಡಗಡೆ ದಪ್ಪ ದನಿಯ ಜಾಗವೆಲ್ಲ ಎಂಜಿನ್ನೇ ಆಕ್ರಮಿಸಿತ್ತು. ಅಲ್ಲಿ ಡೋಲನ್ನು ಎಷ್ಟು ಏರಿಸಿದರೂ ದಂಡ. ಹನುಮಕ್ಕನ ಬಿರುಕು ದನಿಯ ಗುಡ್ಡ ಎಂಜಿನ್ನಿಗೆ ಸಿಗದಷ್ಟು ಬಲಕ್ಕಿತ್ತು. ಆದರೆ ಗೆಜ್ಜೆ ಮತ್ತು ಸೊಲ್ಲು ಅಲ್ಲೇ ಬಂದು ಗುಂಪುಗೂಡಿದ್ದವು. ಅವುಗಳನ್ನು ಸ್ವಲ್ಪ ಸರಿಸಿ ಹನುಮಕ್ಕನಿಗೆ ದಾರಿ ಬಿಟ್ಟೆ. ಮುಗಿದ ಮೇಲೆ ಕಣ್ಣು ಮುಚ್ಚಿ, ಒಂದೇ ಒಂದು ಸಣ್ಣ ಬಾಕ್ಸಿನಲ್ಲಿ, ಬಸ್ಸಿನ ಸದ್ದನ್ನೂ ಜೊತೆಗೆ ಹಾಕಿಕೊಂಡು ಕೇಳಿದೆ. ಮುದುಕನ ಚಿಲ್ಲರೆ ಜಗಳದ ಮೇಲೆ ಹನುಮಕ್ಕ ತೇಲಿ ಬಂದರು. ಚಿತ್ರ ನೋಡಿ ತಪ್ಪು ಹುಡುಕಬೇಕು, ಕಣ್ಣು ಮುಚ್ಚಿ ಸರಿಯಾಯಿತೋ ಇಲ್ಲವೋ ಹೇಳಬೇಕು. ಇದನ್ನು ಕಲಿಯಲಿಕ್ಕೆ ನನಗೆ ಆ ದಿನದವರೆಗೂ ಬೇಕಾಯಿತು.

ಪೆನ್‌ಡ್ರೈವ್ ಕೊಟ್ಟು ಕಳಿಸಿ ಮನೆಯಲ್ಲಿ ಕೂರಲು ಈ ಸಲ ಮನಸ್ಸು ಒಪ್ಪಲಿಲ್ಲ. ಮತ್ತೆ ಬಸ್ಸು ನಗುವಂತಾದರೆ ಹನುಮಕ್ಕ ಬಾಯಿ ತೆರೆಯುವುದನ್ನೇ ಬಿಡುತ್ತಾರೆ ಅಂತ ಹೆದರಿಕೆ. ಮುಂದಿನ ಸಂತೆ ದಿನ ಜಗಳೂರಿಗೆ ಹೋದೆ. ಮಧ್ಯಾಹ್ನ ಊರಿಗೆ ವಾಪಸ್ ಹೊರಟ ಬಸ್ಸಿನಲ್ಲಿ ನನಗೂ ಒಂದು ಸೀಟು ಹಿಡಿದಿಟ್ಟಿದ್ದರು. ಈರುಳ್ಳಿ ಚೀಲ, ಹೊಸ ಕೊಡಪಾನ, ಎರಡು ಕೋಳಿಗಳ ನಡುವೆ ಹೆಂಗಸರು ಒತ್ತಿಕೊಂಡು ಕೂತಿದ್ದರು. ಸೊಲ್ಲು ಕೊಟ್ಟ ಐವರೂ ಇದ್ದರು. ಹನುಮಕ್ಕ ಈ ಸಲ ಯಾರಿಗೂ ಏನೂ ಹೇಳಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಅತ್ತೆ, ಹಾಕ್ಲೇನು?" ಅಂತ ತಿಪ್ಪೇಸ್ವಾಮಿ ಕೇಳಿದ.

"ಹಾಕು. ಬರದಿದ್ರೆ ತಕ್ಷಣ ತೆಗಿ."

ಡೋಲು ಬಂತು. ಗೆಜ್ಜೆ ಬಂತು. ಆಮೇಲೆ ಆ ಒಂಟಿ ಬಾಕ್ಸಿನಿಂದ, ಎಂಜಿನ್ನಿನ ಗುಡುಗನ್ನು ದಾಟಿಕೊಂಡು, ಹನುಮಕ್ಕ ಬಂದರು. ಬಿರುಕು ಸಮೇತ ಬಂದರು. ಹಿಂದಿನ ಸೀಟಿನವರೆಗೂ ಮಾತು ನಿಂತಿತು. ಅಯ್ಯಪ್ಪಾ, ಬದುಕಿದೆ ಅಂದುಕೊಂಡೆ.

ಆದರೆ ಬದುಕಿದ್ದು ಒಂದೇ ಸಾಲು. ಮೊದಲ ಸಾಲು ಮುಗಿಯುತ್ತಿದ್ದಂತೆ ಆ ಐವರು ಹೆಂಗಸರು ಅಭ್ಯಾಸಬಲದಿಂದ ಸೀಟಿನಲ್ಲಿ ಕೂತಲ್ಲೇ ಸೊಲ್ಲು ಕೊಟ್ಟರು. ಅವರನ್ನು ನೋಡಿ ಉಳಿದವರೂ ಕೊಟ್ಟರು. ಸೋಬಾನೆ ಗೊತ್ತಿಲ್ಲದ ಹೆಂಗಸು ಆ ಬಸ್ಸಿನಲ್ಲಿ ಒಬ್ಬಳೂ ಇರಲಿಲ್ಲ. ಎರಡನೆಯ ಸಾಲಿಗೆ ಎಲ್ಲರೂ ಮುಂದಿನ ದನಿಯನ್ನೂ ತಾವೇ ಎತ್ತಿಕೊಂಡು ಹಾಡತೊಡಗಿದರು, ಚಪ್ಪಾಳೆ ಬೇರೆ. ನಾನು ಅಷ್ಟು ಕಷ್ಟಪಟ್ಟು ಬಿಡಿಸಿದ್ದ ದಾರಿ ಮುಚ್ಚಿಹೋಗಿ, ಬಾಕ್ಸಿನ ಹನುಮಕ್ಕ ಮತ್ತೆ ಮಾಯವಾದರು. ಜೀವಂತ ಕಂಠಗಳ ಎದುರು ಯಾವ ಮೀಟರ್ ಏನು ಮಾಡೀತು? ಕೋಳಿಗಳೂ ಸುಮ್ಮನಿರಲಿಲ್ಲ.

ಹನುಮಕ್ಕ ಎದ್ದು ನಿಂತರು. ಮೇಲಿನ ಕಂಬಿ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ತಿಪ್ಪೇಸ್ವಾಮಿ ಕನ್ನಡಿಯಲ್ಲಿ ಅದನ್ನು ನೋಡಿ, ಬಸ್ಸನ್ನು ಬೇವಿನ ಮರದ ಪಕ್ಕಕ್ಕೆ ತಂದು ಎಂಜಿನ್ ಮಾತ್ರ ಆಫ್ ಮಾಡಿದ.

"ಸುಮ್ಕಿರ್ರೇ ಒಂದೀಟು," ಗದರುವ ದನಿಯಲ್ಲಿ ಅಂದರು ಹನುಮಕ್ಕ. "ಇಷ್ಟು ವರ್ಷ ನಾನು ನಿಮಗೆ ಹಾಡೀನಿ. ಇವತ್ತು ಬಾಕ್ಸ್‌ನಾಗಿರೋ ಆಯಮ್ಮ ನನಗೆ ಹಾಡ್ಲಿ."